ಗ್ಯಾಪ್ ನೋಡೋಕೆ ಒಂದು ದಿನ

ಎಂಜಿನ್ ಬಿಚ್ಚುವಾಗ ಜಗತ್ತಿನಲ್ಲಿ ಯಾರಿಗೂ ಅವಸರವಿರುವುದಿಲ್ಲ. "ನಿಧಾನವಾಗಿ ಮಾಡಿ ಸಾರ್, ಚೆನ್ನಾಗಿ ಆಗಲಿ" ಎಂದು ಕಾಫಿ ಬೇರೆ ತರಿಸಿ ಕೊಡುತ್ತಾರೆ. ಜೋಡಿಸುವ ಹೊತ್ತು ಬಂತೋ, ಅದೇ ಜನಕ್ಕೆ ಮೈಮೇಲೆ ಬಂದ ಹಾಗಾಗುತ್ತದೆ. ಈ ಕಸುಬಿನಲ್ಲಿ ನನ್ನ ತಲೆ ನರೆತಿದೆ. ಇಂಥದ್ದೊಂದು ನಡೆಯದ ತಿಂಗಳು ಮಾತ್ರ ನನಗೆ ನೆನಪಿಲ್ಲ.

ನನ್ನ ವರ್ಕ್‌ಶಾಪ್ ಇರುವುದು ಚೆನ್ನೈನ ರಾಯಪುರದಲ್ಲಿ. ಕಾಸಿಮೇಡಿನ ಕಡೆಯಿಂದ ಗಾಳಿ ಬೀಸಿದರೆ ಮೀನಿನ ಬಂದರೇ ಒಳಗೆ ಬಂದು ಸ್ಟೂಲಿನ ಮೇಲೆ ಕೂತ ಹಾಗಿರುತ್ತದೆ. ಮನೆ ತಿರುವಲ್ಲಿಕ್ಕೇಣಿಯಲ್ಲಿ. ಮುತ್ತಾತನ ಕಾಲದಿಂದ ಇಲ್ಲೇ ಇರುವ ಕನ್ನಡದ ಮಾಧ್ವರು ನಾವು. ನಮ್ಮ ಪೈಕಿ ಎಲ್ಲರೂ ಬ್ಯಾಂಕು, ಆಡಿಟ್ ಆಫೀಸು ಅಂತ ಸೇರಿಕೊಂಡರು, ನಾನೊಬ್ಬ ಗ್ರೀಸಿಗೆ ಸೇರಿಕೊಂಡೆ. ಗಿರಾಕಿಗಳು ನನ್ನನ್ನು "ಅಯ್ಯರೇ" ಎಂದು ಕರೆಯುತ್ತಾರೆ. ಅಯ್ಯರ್ ಅಲ್ಲಪ್ಪಾ, ರಾವ್ ಎಂದು ಹೇಳಿ ಹೇಳಿ ಬಾಯಿ ನೋವು ಬಂದು ಸುಮ್ಮನಾಗಿದ್ದೇನೆ.

ನಾನು ಕೇಳುವುದು ಒಂದೇ. ಎಂಜಿನ್ನನ್ನು ಪೂರ್ತಿ ಮುಚ್ಚುವ ಮುಂಚೆ ಗ್ಯಾಪ್ ನೋಡೋಕೆ ಒಂದು ದಿನ ಕೊಡಿ. ಎಂಜಿನ್ನಿನ ತಲೆಯಲ್ಲಿ ವಾಲ್ವ್‌ಗಳಿರುತ್ತವೆ. ಗಾಳಿಯನ್ನು ಒಳಗೆ ಬಿಡುವ, ಹೊಗೆಯನ್ನು ಹೊರಗೆ ಕಳಿಸುವ ಬಾಗಿಲುಗಳು ಅವು. ತೆರೆದ ಬಾಗಿಲನ್ನು ಮತ್ತೆ ಮುಚ್ಚಲು ಒಂದೊಂದಕ್ಕೂ ಸ್ಪ್ರಿಂಗ್ ಇದೆ. ಬಾಗಿಲು ಪೂರ್ತಿ ತೆರೆದಾಗ ಸ್ಪ್ರಿಂಗ್ ಪೂರ್ತಿ ಅದುಮಿಕೊಳ್ಳುತ್ತದಲ್ಲ, ಆಗಲೂ ಅದರ ಸುತ್ತುಗಳ ನಡುವೆ ಒಂದಿಷ್ಟು ಸಂದು ಉಳಿದಿರಬೇಕು. ಉಳಿಯದಿದ್ದರೆ ಸುತ್ತಿಗೆ ಸುತ್ತು ಕಚ್ಚಿಕೊಂಡು ಸ್ಪ್ರಿಂಗ್ ಹೋಗಿ ಕಬ್ಬಿಣದ ಕೊಳವೆಯಾಗುತ್ತದೆ, ಆಮೇಲೆ ಏನಾದರೊಂದು ಮುರಿಯಲೇಬೇಕು. ಇಷ್ಟು ತಿಳಿಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ದೀಪಾವಳಿಯ ಹಿಂದಿನ ದಿನ ಟಿ. ನಗರದಲ್ಲಿ ಬಸ್ಸು ಹತ್ತಿದವರಿಗೆಲ್ಲ ಸಂದಿನ ಬೆಲೆ ಗೊತ್ತು. ಆದರೂ ನನಗೆ ಆ ಒಂದು ದಿನವನ್ನು ಯಾರೂ ಕೊಡುವುದಿಲ್ಲ.

ಗೊಜ್ಜು

ಮನೆ ಗೆದ್ದು ಮಾರು ಗೆಲ್ಲು ಎನ್ನುತ್ತಾರೆ. ನಾನು ಮನೆಯಲ್ಲೇ ಸೋತವನು.

ಸಂದು ಅಳೆಯಲು ಫೀಲರ್ ಗೇಜ್ ಎಂಬ ಸಾಧನವಿದೆ. ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ತೆಳ್ಳನೆಯ ಉಕ್ಕಿನ ಪಟ್ಟಿಗಳು. ಒಂದೊಂದರ ಮೇಲೂ ಅದರ ದಪ್ಪ ಕೆತ್ತಿರುತ್ತದೆ. ಯಾವ ಪಟ್ಟಿ ಸಂದಿನಲ್ಲಿ ಸರಿಯಾಗಿ ತೂರುತ್ತದೋ ಅದೇ ಸಂದಿನ ಅಳತೆ. ವರ್ಕ್‌ಶಾಪಿನಲ್ಲಿ ಬಿಟ್ಟರೆ ಕಂಡಕಂಡವರು ಮುಟ್ಟುತ್ತಾರೆಂದು ನನ್ನದನ್ನು ದಿನವೂ ಮನೆಗೆ ತರುತ್ತೇನೆ.

ಒಂದು ಭಾನುವಾರ ಅಡುಗೆಮನೆಗೆ ಕಾಲಿಟ್ಟರೆ, ನನ್ನ ಹೆಂಡತಿ ಅದರ ಅತಿ ತೆಳ್ಳನೆಯ ಪಟ್ಟಿಯಿಂದ ಪಿಂಗಾಣಿ ಜಾಡಿಯ ತಳದಲ್ಲಿದ್ದ ಪುಳಿಯೋಗರೆ ಗೊಜ್ಜನ್ನು ಕೆರೆದು ತೆಗೆಯುತ್ತಿದ್ದಳು. ನನಗೆ ಜೀವ ಬಾಯಿಗೆ ಬಂತು.

"ಏನೇ ಇದು! ಅದು ಎಂಜಿನ್ನಿಗೆ ಹಾಕೋದು!"

"ಯಾಕ್ರೀ ಹೀಗೆ ಕೂಗ್ತೀರಾ? ಮೂಲೆಮೂಲೆಗೂ ಎಷ್ಟು ಚೆನ್ನಾಗಿ ಹೋಗತ್ತೆ ಗೊತ್ತಾ? ಬಾಗತ್ತೆ, ಮುರಿಯಲ್ಲ. ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ?"

"ಹುಣಿಸೆಹಣ್ಣು ತಾಕಿದ್ರೆ ತುಕ್ಕು ಹಿಡಿಯತ್ತೆ ಕಣೇ!"

"ನಿಮ್ಮ ಎಂಜಿನ್ನಿಗೂ ಎಣ್ಣೆ ತಾನೇ ಬಿಡೋದು? ಇದರಲ್ಲೂ ಎಣ್ಣೆ ತೇಲ್ತಾ ಇದೆ ನೋಡಿ. ನಿಮ್ಮದಕ್ಕಿಂತ ಶುದ್ಧವಾದ ಎಳ್ಳೆಣ್ಣೆ."

ಸೋಪಿನಲ್ಲಿ ತೊಳೆದೆ, ಸೀಮೆಎಣ್ಣೆಯಲ್ಲಿ ಒರೆಸಿದೆ. ಇಂಗು ಬಿಡುತ್ತದೆಯೇ? ಮರುದಿನ ಒಂದು ವ್ಯಾನಿನ ಎಂಜಿನ್ನಿಗೆ ಅದೇ ಪಟ್ಟಿಯನ್ನು ತೂರಿಸಿ ಸಂದು ನೋಡುತ್ತಿದ್ದೆ. ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ವ್ಯಾನಿನ ಯಜಮಾನ ಮೂಗರಳಿಸಿದ.

"ಅಯ್ಯರೇ, ನನ್ನ ಎಂಜಿನ್ನಿಂದ ಪುಳಿಯೋದರೈ ವಾಸನೆ ಬರ್ತಿದೆ. ಪೆರುಮಾಳ್ ಕೋಯಿಲ್‌ನಲ್ಲಿ ಕೊಡ್ತಾರಲ್ಲ, ಹಾಗೇ."

ನಾನು ನಾಚಿಕೆಯಿಂದ ಸಂಜೆಯೊಳಗೆ ಮತ್ತೊಮ್ಮೆ ಒರೆಸಿ ಸರಿಯಾಗಿ ಅಳೆಯುತ್ತೇನೆ ಎಂದೆ. ಅವನು ಎರಡೂ ಕೈಯಲ್ಲಿ ಕೆನ್ನೆ ತಟ್ಟಿಕೊಂಡ.

"ಇನ್ನೇನು ಅಳೆಯೋದು ಅಯ್ಯರೇ? ವಂಡಿಗೆ ಪ್ರಸಾದ ಸಿಕ್ಕಾಯ್ತು. ಮುಚ್ಚಿಬಿಡಿ."

ಮೆತ್ತಗಿನ ಸ್ಪ್ರಿಂಗು

ಅಸಲಿ ಸ್ಪ್ರಿಂಗುಗಳು ಬಲು ಗಡಸು, ಬರಿಗೈಯಲ್ಲಿ ಅದುಮಲು ಆಗುವುದಿಲ್ಲ. ಹಾಗಾಗಿ ಬೇರೆ ಸಂದುಗಳನ್ನು ಪರೀಕ್ಷೆ ಮಾಡುವಾಗ ಅವನ್ನು ತೆಗೆದಿಟ್ಟು, ತಾತ್ಕಾಲಿಕವಾಗಿ ಮೆತ್ತಗಿನ ಸ್ಪ್ರಿಂಗು ಹಾಕುತ್ತೇವೆ. ಬೆರಳಲ್ಲಿ ಒತ್ತಿದರೆ ವಾಲ್ವ್ ತೆರೆಯುತ್ತದೆ. ಅಳತೆ ಮುಗಿದ ಮೇಲೆ ಅಸಲಿಯದ್ದನ್ನು ಮತ್ತೆ ಹಾಕುವುದು.

ಟಿ. ನಗರದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ ತಮ್ಮ ಹಳೆಯ ಕಾರಿನ ಎಂಜಿನ್ ಕೊಟ್ಟಿದ್ದರು. ಪರೀಕ್ಷೆಯ ದಿನವೇ ಹೇಳದೆ ಕೇಳದೆ ಬಂದರು. ಸುಮ್ಮನೆ ಒಂದು ವಾಲ್ವನ್ನು ಹೆಬ್ಬೆರಳಲ್ಲಿ ಒತ್ತಿದರು. ಅದು ಪುಸಕ್ಕನೆ ಒಳಗೆ ಹೋಯಿತು. ಅವರ ಮುಖ ಕೆಂಪಾಯಿತು.

"ಇದೇನ್ರೀ ಅನ್ಯಾಯ? ನನ್ನ ಕಾರಿನ ಸ್ಪ್ರಿಂಗ್ ಕದ್ದು ಬಾಲ್‌ಪೆನ್ ಸ್ಪ್ರಿಂಗ್ ಹಾಕಿದ್ದೀರಾ?" ಎಂದು ಗಲ್ಲಿಗೆಲ್ಲ ಕೇಳುವಂತೆ ಕೂಗಿದರು. ಎದುರಿನ ಟೀ ಅಂಗಡಿಯಲ್ಲಿ ಇದ್ದವರೆಲ್ಲ ಗ್ಲಾಸು ಹಿಡಿದುಕೊಂಡೇ ಬಂದರು. ಒಬ್ಬನಂತೂ "ಅಯ್ಯರಾ ಇಂಥ ಕೆಲಸ ಮಾಡೋದು!" ಎಂದು ಲೊಚಗುಟ್ಟಿದ. ನನ್ನ ಅಂಗಡಿಯ ಮುಂದೆಯೇ ನನ್ನನ್ನು ಕಳ್ಳನನ್ನಾಗಿ ಮಾಡಿದರಲ್ಲ! ಮೈಯೆಲ್ಲ ಉರಿಯಿತು. ಅಸಲಿ ಸ್ಪ್ರಿಂಗುಗಳಿದ್ದ ಟ್ರೇಯನ್ನು ಅವರ ಮೂಗಿನ ಮುಂದೆ ಹಿಡಿದೆ. ಯಾವುದಕ್ಕೆ ಯಾವುದು, ಏಕೆ, ಎಷ್ಟು ಹೊತ್ತು ಎಂಬುದನ್ನೆಲ್ಲ ಗಂಟಲು ಹರಿಯುವಂತೆ ವಿವರಿಸಿದೆ. ಗುಂಪು ತಲೆಯಾಡಿಸಿತು.

ಅಧಿಕಾರಿಗಳು ಮಾತ್ರ ಮೆತ್ತಗಿನ ಸ್ಪ್ರಿಂಗನ್ನು ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು.

"ಸಾರ್, ಒಂದು ಮಾತು. ಇದನ್ನೇ ಬಿಟ್ಟುಬಿಡಿ. ಕಾರಿಗೂ ನನ್ನ ಹಾಗೇ ವಯಸ್ಸಾಗಿದೆ. ಇನ್ನು ಮೇಲೆ ಗಟ್ಟಿಯಾದದ್ದು ಯಾಕೆ ಅದಕ್ಕೆ?"

ನಮ್ಮೋರು

ಮೈಸೂರು ಕಡೆಯ ತರುಣನೊಬ್ಬ ಬಂದ. ಇಲ್ಲಿಯ ಯಾವುದೋ ಕಂಪನಿಯಲ್ಲಿ ಕೆಲಸ. ನನ್ನ ಬಾಯಲ್ಲಿ ಕನ್ನಡ ಕೇಳಿದ್ದೇ ಅವನ ಕಣ್ಣು ಅರಳಿತು. "ಅಂಕಲ್, ನಮ್ಮೋರು ಅಂತ ಗೊತ್ತಾಗಿದ್ರೆ ಯಾವಾಗಲೋ ಬರ್ತಿದ್ದೆ!" ಎಂದ. ನನಗೂ ಸಂತೋಷವಾಯಿತು. ನಮ್ಮ ಮಗಳನ್ನು ಕನ್ನಡದಲ್ಲಿ ಏನು ಕೇಳಿದರೂ ಉತ್ತರ ತಮಿಳಿನಲ್ಲೇ ಬರುವುದರಿಂದ, ಕನ್ನಡದ ಪ್ರಶ್ನೆಗೆ ಕನ್ನಡದ ಉತ್ತರ ಸಿಗುವುದೇ ನನಗೆ ಹಬ್ಬ.

ಅವನ ಬೈಕಿನ ಎಂಜಿನ್ ಚೀಲದಲ್ಲಿತ್ತು. ಜೊತೆಗೆ ವಾಲ್ವನ್ನು ಮಾಮೂಲಿಗಿಂತ ಹೆಚ್ಚು ತೆರೆಯುವ ಹೊಸ ಕ್ಯಾಮು, ಗಡಸಾದ ಹೊಸ ಸ್ಪ್ರಿಂಗು, ಎಲ್ಲವನ್ನೂ ಆನ್‌ಲೈನಿನಲ್ಲಿ ತರಿಸಿದ್ದ. ಸ್ಪ್ರಿಂಗನ್ನು ವೈಸಿನಲ್ಲಿ ಅದುಮಿ ನೋಡಿದೆ. ವಾಲ್ವ್ ಪೂರ್ತಿ ತೆರೆಯುವ ಮೊದಲೇ ಸುತ್ತುಗಳು ಕಚ್ಚಿಕೊಂಡವು.

"ಇದು ಆಗಲ್ಲಪ್ಪಾ. ಗ್ಯಾಪ್ ಇಲ್ಲ" ಎಂದೆ.

"ವಿಡಿಯೋದಲ್ಲಿ ಇದೇ ಹಾಕಿದ್ದಾರೆ ಅಂಕಲ್. ಅವರು ಗ್ಯಾಪ್ ಗೀಪ್ ಏನೂ ನೋಡಿಲ್ಲ."

ನಾನು ವಾದಿಸಿದೆ, ಅವನು ವಾದಿಸಿದ. ನನ್ನ ವಯಸ್ಸಿನವರಿಗೆ ಹೊಸದೆಂದರೆ ಹೆದರಿಕೆ ಎನ್ನುವವರೆಗೂ ಹೋಯಿತು ಮಾತು. ತೋರಿಸು ನಿನ್ನ ವಿಡಿಯೋ ಎಂದು ಫೋನು ಕಿತ್ತುಕೊಂಡು ಮೊದಲಿನಿಂದ ನೋಡಿದೆ. ಅದರಲ್ಲಿದ್ದ ಗಡ್ಡದವನು ಪುಣ್ಯಾತ್ಮ. ಸ್ಪ್ರಿಂಗು ಅದುಮಿ, ಸಂದು ಅಳೆದು, ಸಾಲದೆ ಬಂದು, ಬೇರೆ ಸ್ಪ್ರಿಂಗು ತಂದು, ಮತ್ತೆ ಅಳೆದು ತೋರಿಸಿದ. ವಿಡಿಯೋದ ಅರ್ಧ ಭಾಗ ಅದೇ ಇತ್ತು.

"ಇದೇನಿದು ಹಾಗಾದ್ರೆ?" ಎಂದು ಗುಡುಗಿದೆ.

"ಓ, ಅದಾ? ಅದು ಬೋರ್ ಹೊಡೆಯೋ ಪಾರ್ಟ್ ಅಂಕಲ್. ಎಲ್ಲರೂ ಸ್ಕಿಪ್ ಮಾಡ್ತಾರೆ."

ಜಾತಕ

ಸೌಕಾರ್‌ಪೇಟೆಯ ಒಬ್ಬ ಸೇಠರ ಜನರೇಟರ್ ಎಂಜಿನ್ ಬಂದಿತ್ತು. ಅವರ ಮಗಳ ಮದುವೆ. ಮಂಟಪದಲ್ಲಿ ಕರೆಂಟು ಹೋದರೆ ಇದೇ ಗತಿ.

"ಈಗ ಕೊಟ್ಟುಬಿಡಿ. ಮದುವೆ ಮುಗಿದ ಮೇಲೆ ವಾಪಸ್ ತರ್ತೀನಿ, ಆಗ ಬೇಕಾದಷ್ಟು ಗ್ಯಾಪ್ ನೋಡಿಕೊಳ್ಳಿ" ಎಂದರು.

ಎಂಥ ಮಾತು! ಸಿಟ್ಟು ನುಂಗಿಕೊಂಡು ಕೇಳಿದೆ: "ಸೇಠ್‌ಜೀ, ಮಗಳ ಜಾತಕ ಮದುವೆಗೆ ಮುಂಚೆ ನೋಡಿದಿರೋ, ಆಮೇಲೆ ನೋಡೋಣ ಅಂತ ಬಿಟ್ಟಿದ್ದೀರೋ?"

ಸೇಠರು ನಕ್ಕುಬಿಟ್ಟರು. "ಮಗಳದ್ದು ಮುಂಚೆಯೇ ನೋಡಿದೆವು. ನಂದು ಮದುವೆ ಆದ ಮೇಲೆ ನೋಡಿದ್ದು, ಒಂದೂ ಕೂಡಿ ಬರಲಿಲ್ಲ. ಆದರೂ ಇವತ್ತಿನವರೆಗೆ ಓಡ್ತಾ ಇದೆಯಲ್ಲ!"

ಹಳದಿ ಜೇಡಿ

ಇವೆಲ್ಲ ಒಂದು ತೂಕ, ಕಾಸಿಮೇಡಿನ ದೋಣಿಯದ್ದೇ ಒಂದು ತೂಕ.

ಬೇಸಿಗೆಯಲ್ಲಿ ಮೀನು ಮೊಟ್ಟೆಯಿಡುವ ಕಾಲಕ್ಕೆ ಸರ್ಕಾರ ಮೀನುಗಾರಿಕೆಗೆ ತಡೆ ಹಾಕುತ್ತದೆ. ದೋಣಿಗಳೆಲ್ಲ ದಡದಲ್ಲಿ, ಎಂಜಿನ್‌ಗಳೆಲ್ಲ ನಮ್ಮಂಥವರ ಮುಂದೆ. ತಡೆ ಮುಗಿದ ರಾತ್ರಿ ಎಲ್ಲ ದೋಣಿಗಳೂ ಒಟ್ಟಿಗೆ ಹೊರಡುತ್ತವೆ. ಆ ಮೊದಲ ಮೀನಿಗೆ ಸಿಗುವ ಬೆಲೆ ಮತ್ತೆ ಸಿಗುವುದಿಲ್ಲ. ಅಂದು ಹೊರಡದ ದೋಣಿಯವರು ವರ್ಷವೆಲ್ಲ ಕೈ ಹಿಸುಕಿಕೊಳ್ಳಬೇಕು.

ಒಬ್ಬ ದೋಣಿಯವನ ದೊಡ್ಡ ಡೀಸೆಲ್ ಎಂಜಿನ್ ನನ್ನಲ್ಲಿತ್ತು. ಅವನು ಸಾಧು. ಅವನ ತಾಯಿ ಹಾಗಲ್ಲ. ಬೆಳಗಿನ ಜಾವದ ಮೀನಿನ ಹರಾಜಿನಲ್ಲಿ ಕೂಗಿ ಪಳಗಿದ ಗಂಟಲು. ಆಕೆ ನಮ್ಮ ಗಲ್ಲಿಯ ತುದಿಯಲ್ಲಿ ಮಾತಾಡಿದರೆ ನನ್ನ ಟ್ರೇಯಲ್ಲಿದ್ದ ನಟ್ಟುಗಳು ಅದುರುತ್ತಿದ್ದವು. ಮಗನ ಹೆಸರಿನಲ್ಲಿದ್ದರೂ ದೋಣಿ ಆಕೆಯದೇ. ಗಂಡ ಹೋದ ಮೇಲೆ ಅದನ್ನು ನಂಬಿಕೊಂಡೇ ಮಕ್ಕಳನ್ನು ಸಾಕಿದವಳು.

ತಡೆ ಮುಗಿಯಲು ಇನ್ನು ಕೆಲವೇ ದಿನ ಉಳಿದಿತ್ತು. ಎಂಜಿನ್ನಿನ ತಲೆಯ ತಳ ಸೊಟ್ಟಗಾಗಿದ್ದರಿಂದ ಲೇತಿನ ಅಂಗಡಿಯಲ್ಲಿ ಹೆರೆಸಿ ತಂದಿದ್ದೆ. ಹೆರೆದರೆ ವಾಲ್ವ್‌ಗಳು ಕೆಳಗಿನಿಂದ ಏರಿ ಇಳಿಯುವ ಪಿಸ್ಟನ್ನಿಗೆ ಹತ್ತಿರವಾಗುತ್ತವೆ. ಸ್ಪ್ರಿಂಗಿನ ಸಂದು ಸರಿಯಿದ್ದರೂ ವಾಲ್ವಿಗೂ ಪಿಸ್ಟನ್ನಿಗೂ ನಡುವಿನ ಸಂದು ನೋಡಲೇಬೇಕು.

"ಒಂದು ದಿನ ಬೇಕಮ್ಮಾ" ಎಂದೆ.

"ದಿನವಾ? ನಾಳೆ ಬೆಳಿಗ್ಗೆ ರಾಹುಕಾಲಕ್ಕೆ ಮುಂಚೆ ಎಂಜಿನ್ ಸ್ಟಾರ್ಟ್ ಮಾಡಬೇಕು. ಜೋಸಿಯರು ಟೈಮ್ ಕೊಟ್ಟಿದ್ದಾರೆ. ಒಂದು ಗಂಟೆ ಕೂಡ ಕೊಡೋಕಾಗಲ್ಲ ಅಯ್ಯರೇ!"

ಮಗ ನೆಲ ನೋಡಿದ. ನಾನು ಬೈದುಕೊಳ್ಳುತ್ತಲೇ ಕೆಲಸಕ್ಕೆ ಕೂತೆ. ಈ ಸಂದು ನೋಡುವ ಕ್ರಮ ಸುಲಭ: ಪಿಸ್ಟನ್ನಿನ ತಲೆಯ ಮೇಲೆ ಮಕ್ಕಳು ಆಡುವ ಬಣ್ಣದ ಜೇಡಿಮಣ್ಣಿನ ಉಂಡೆಯಿಟ್ಟು, ಮೇಲೆ ಎಂಜಿನ್ನಿನ ತಲೆ ಕೂರಿಸಿ, ಕೈಯಲ್ಲಿ ಒಂದು ಸುತ್ತು ತಿರುಗಿಸುವುದು. ವಾಲ್ವ್ ಇಳಿದು ಜೇಡಿಯನ್ನು ಅದುಮುತ್ತದೆ. ಬಿಚ್ಚಿ ನೋಡಿದರೆ ಜೇಡಿ ಎಷ್ಟು ದಪ್ಪ ಉಳಿದಿದೆಯೋ ಅಷ್ಟು ಸಂದು. ಅಂದು ಸ್ಟೇಷನರಿ ಅಂಗಡಿಯಲ್ಲಿ ಹಸಿರು, ನೀಲಿ ಮುಗಿದು ಹಳದಿ ಜೇಡಿ ಮಾತ್ರ ಇತ್ತು. ಅದನ್ನೇ ತಂದು, ಮೇಲೆ ಚೂಪಾಗಿ ಬರುವಂತೆ ಹಿಡಿದು, ಪಿಸ್ಟನ್ನಿನ ಮೇಲೆ ಕೂರಿಸಿದೆ. ಹೊಟ್ಟೆ ಹಸಿದಿತ್ತು. ಒಳಗೆ ಹೋಗಿ ಮೊಸರನ್ನದ ಡಬ್ಬಿ ಬಿಚ್ಚಿದೆ.

ಕೈ ತೊಳೆದು ಬರುವಷ್ಟರಲ್ಲಿ ವರ್ಕ್‌ಶಾಪಿನಲ್ಲಿ ಊದುಬತ್ತಿಯ ಹೊಗೆ.

ನನ್ನ ಜೇಡಿಯ ಹಣೆಗೆ ಕುಂಕುಮ ಬಿದ್ದಿತ್ತು. ತಲೆಯ ಮೇಲೆ ಗರಿಕೆ, ಅದರ ಮೇಲೊಂದು ದಾಸವಾಳ. ಬೋಲ್ಟಿನ ತೂತಿನಲ್ಲಿ ಊದುಬತ್ತಿ, ಪಕ್ಕದ ಪಿಸ್ಟನ್ನಿನ ಮೇಲೆ ಬಾಳೆಹಣ್ಣು. ಹೊಚ್ಚ ಹೊಸ ಪಿಸ್ಟನ್ನಿನ ಮೇಲೆ ಕರ್ಪೂರ ಉರಿಸಿ ಮಸಿ ಮಾಡಿದ್ದರು! ದೋಣಿಯವನ ತಾಯಿ ಎರಡೂ ಕಿವಿ ಹಿಡಿದುಕೊಂಡು, ಮೊಣಕಾಲು ನೋವನ್ನೂ ಲೆಕ್ಕಿಸದೆ ಬಸ್ಕಿ ಹೊಡೆಯುತ್ತಿದ್ದಳು. ಹಿಂದೆ ನನ್ನ ಕೈಕೆಳಗೆ ಕೆಲಸ ಮಾಡುವ ಮೆಕ್ಯಾನಿಕ್ ಕೈಮುಗಿದು ನಿಂತಿದ್ದ.

"ಏನು ಭಕ್ತಿ ಅಯ್ಯರೇ ನಿಮ್ಮದು!" ಎಂದು ಆಕೆ ಕಣ್ಣೊರೆಸಿಕೊಂಡಳು. "ಎಂಜಿನ್ ಮುಚ್ಚೋ ಮುಂಚೆ ಪಿಸ್ಟನ್ ಮೇಲೇ ಮಂಜಳ್ ಪಿಳ್ಳೈಯಾರ್ ಹಿಡಿದು ಕೂರಿಸಿದ್ದೀರಿ. ಬೇರೆ ಯಾವ ಮೆಕ್ಯಾನಿಕ್ಕಿಗೆ ಇದು ಹೊಳೆಯತ್ತೆ?"

"ಅದು ಅರಿಶಿನವೂ ಅಲ್ಲ, ಗಣಪತಿಯೂ ಅಲ್ಲ! ಜೇಡಿ! ಅಳತೆಗೆ ಇಟ್ಟದ್ದು! ಈಗ ಅದರ ಮೇಲೆ ವಾಲ್ವ್ ಇಳಿಸಿ ಚಪ್ಪಟೆ ಮಾಡಬೇಕು!"

ಮಗ ಮೊದಲ ಸಲ ತಲೆಯೆತ್ತಿದ. "ಅಯ್ಯರೇ, ಪಿಳ್ಳೈಯಾರ್ ತಲೆ ಮೇಲೆ ವಾಲ್ವ್ ಇಳಿಸ್ತೀರಾ?"

"ಸ್ಟೇಷನರಿ ಅಂಗಡಿಯಿಂದ ತಂದದ್ದಪ್ಪಾ ಅದು!"

"ಮಂಜಳ್ ಎಲ್ಲಿಂದ ಬರತ್ತೆ? ದಿನಸಿ ಅಂಗಡಿಯಿಂದ ತಾನೇ?" ಎಂದಳು ತಾಯಿ. "ನಿಮ್ಮ ಮನೇಲಿ ಅಮ್ಮಾ ಹಿಡಿದು ಇಡಲ್ವಾ? ಪೊಟ್ಟು ಇಟ್ಟು, ಗರಿಕೆ ಇಟ್ಟ ಮೇಲೆ ಅದು ಸಾಮಿ."

ನಮ್ಮ ಮನೆಯಲ್ಲೂ ಪ್ರತಿ ಪೂಜೆಗೆ ಹಾಗೇ ಅಲ್ಲವೇ ಮಾಡುವುದು? ಸ್ಪ್ಯಾನರ್ ಕೊಡು ಎಂದು ಮೆಕ್ಯಾನಿಕ್ಕಿನ ಕಡೆ ಕೈ ಚಾಚಿದೆ. ಅವನು ಟೀ ಕುಡಿದು ಬರುತ್ತೇನೆಂದು ಹೊರಟೇಹೋದ.

ಹೋಗಲಿ, ತೆಗೆದು ಬೇರೆ ಕಡೆ ಇಡೋಣ ಎಂದೆ. ಆಕೆ ಅಡ್ಡ ನಿಂತಳು. "ಕರೆದು ಕೂರಿಸಿದವರನ್ನ ಊಟ ಮುಗೀತು, ಎದ್ದೇಳು ಅಂತೀರಾ? ನಾಳೆ ಸಂಜೆವರೆಗೂ ಇರಲಿ. ಆಮೇಲೆ ಸ್ವಲ್ಪ ಉತ್ತರಕ್ಕೆ ಸರಿಸಿ, ಸಮುದ್ರದಲ್ಲಿ ಬಿಡೋಣ."

"ನಾಳೆ ಬೆಳಿಗ್ಗೆ ನಿಮ್ಮ ಮುಹೂರ್ತ?"

"ಪಿಳ್ಳೈಯಾರೇ ಬಂದು ಕೂತ ಮೇಲೆ ಜೋಸಿಯರದ್ದೇನು ಮಾತು?"

ನೋಡಿದಿರಾ? ಇಷ್ಟು ವರ್ಷದ ಅನುಭವಸ್ಥ ನಾನು ಕೇಳಿದರೆ ಒಂದು ಗಂಟೆಯೂ ಇಲ್ಲ. ನನ್ನ ಜೇಡಿ ಕೇಳದೆಯೇ ಅದಕ್ಕೆ ಒಂದು ಪೂರ್ತಿ ದಿನ! ಆ ರಾತ್ರಿ ಮನೆಯಲ್ಲಿ ಹೇಳಿಕೊಂಡರೆ ನನ್ನ ಹೆಂಡತಿ ನಕ್ಕು ನಕ್ಕು, "ಸದ್ಯ, ಆ ಗೇಜಲ್ಲಿ ಗೊಜ್ಜು ಕೆರೆದ ನಾನೇ ವಾಸಿ" ಎಂದಳು.

ಮರುದಿನ ಸಂಜೆ ಪಿಳ್ಳೈಯಾರ್ ಮೆರವಣಿಗೆಯಲ್ಲಿ ಸಮುದ್ರ ಸೇರಿದ. ಅವರು ಅತ್ತ ಹೋಗಿದ್ದೇ ತಡ, ಪಿಸ್ಟನ್ನಿನ ಮಸಿ ಒರೆಸಿ, ಹೊಸ ಜೇಡಿಯನ್ನು ತಟ್ಟೆವಡೆಯ ಹಾಗೆ ಚಪ್ಪಟೆಯಾಗಿ ತಟ್ಟಿ, ಯಾವ ಕಡೆಯಿಂದ ನೋಡಿದರೂ ದೇವರಂತೆ ಕಾಣದಂತೆ ಎಚ್ಚರವಹಿಸಿ ಇಟ್ಟೆ. ತಲೆ ಕೂರಿಸಿ, ತಿರುಗಿಸಿ, ಬಿಚ್ಚಿದೆ.

ವಾಲ್ವ್ ಇಳಿದ ಜಾಗದಲ್ಲಿ ಜೇಡಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಹಾಗೇ ಮುಚ್ಚಿ ಕೊಟ್ಟಿದ್ದರೆ, ಸಮುದ್ರದ ನಡುವೆ ಎಂಜಿನ್ ಕಾದು ವೇಗ ಹಿಡಿದಾಗ ವಾಲ್ವ್ ಪಿಸ್ಟನ್ನಿಗೆ ಬಡಿದು ಎಲ್ಲ ಪುಡಿಪುಡಿ. ದಡ ಕಾಣದ ಕಡೆ, ಒಳಗೆ ಆಕೆಯ ಮಗ.

ತಾಯಿ ಮಗ ಸಮುದ್ರದಿಂದ ಮರಳಿದಾಗ ಆ ಜೇಡಿಯನ್ನು ಹಿಡಿದು ತೋರಿಸಿದೆ. "ನೋಡಿ! ಬೆಳಕಿಗೆ ಹಿಡಿದು ನೋಡಿ! ಇದಕ್ಕೇ ನಾನು ಬಡಕೊಂಡದ್ದು! ನಿಮ್ಮ ಮುಹೂರ್ತಕ್ಕೆ ಸ್ಟಾರ್ಟ್ ಮಾಡಿದ್ದರೆ ಏನಾಗ್ತಿತ್ತು ಗೊತ್ತಾ?" ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ.

ಆಕೆ ಮಗನ ಮುಖ ನೋಡಿದಳು. ಮಗನ ರಟ್ಟೆ ಹಿಡಿದುಕೊಂಡಳು, ಕಣ್ಣು ತುಂಬಿತು, ಕೈಗಳು ನಿಧಾನವಾಗಿ ಒಂದಾದವು. ಒಂದು ಜನ್ಮದ ಬೈಗುಳವೆಲ್ಲ ಸಾರ್ಥಕವಾಯಿತೆಂದು ನಾನು ಅಂಗಿ ಸರಿಮಾಡಿಕೊಂಡು ನಿಂತೆ. ಆಕೆ ನನ್ನ ಪಕ್ಕದಿಂದ ಹಾದು ಮುಂದೆ ಹೋಗಿ ಸಮುದ್ರದ ದಿಕ್ಕಿಗೆ ಕೈಮುಗಿದಳು.

"ಪಿಳ್ಳೈಯಾರಪ್ಪಾ, ಅದಕ್ಕೇ ಅಲ್ವಾ ನೀನು ಬಂದು ಕೂತಿದ್ದು!"

ನಾನು ಹಲ್ಲು ಕಚ್ಚಿಕೊಂಡು ವಾಲ್ವ್ ಕೂರುವ ಜಾಗವನ್ನು ಒಳಕ್ಕೆ ಕೊರೆಸಿದೆ, ಅದರಿಂದ ಸಡಿಲವಾದ ಸ್ಪ್ರಿಂಗುಗಳ ಅಡಿಗೆ ತೆಳ್ಳನೆಯ ಬಿಲ್ಲೆ ಕೊಟ್ಟೆ, ಎಲ್ಲ ಸಂದುಗಳನ್ನೂ ಮತ್ತೆ ಮೊದಲಿನಿಂದ ನೋಡಿದೆ. ತಡೆ ಮುಗಿದ ರಾತ್ರಿ ಆ ದೋಣಿ ಎಲ್ಲರ ಜೊತೆ ಹೊರಟಿತು, ಮೀನು ತುಂಬಿಕೊಂಡು ಮರಳಿತು. ನನಗೆ ಅಷ್ಟೇ ಸಾಕಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ.

ಈ ವರ್ಷ ತಡೆ ಶುರುವಾದ ಮೊದಲ ದಿನವೇ ಅದೇ ತಾಯಿ ಎಂಜಿನ್ ಹೊರಿಸಿಕೊಂಡು ಬಂದಳು. ಹಿಂದೆ ಕಾಸಿಮೇಡಿನ ಇನ್ನಷ್ಟು ದೋಣಿಯವರು.

"ಅಯ್ಯರೇ, ಈ ಸಲ ಅವಸರವೇ ಇಲ್ಲ. ಕಡೆಯಲ್ಲಿ ನಿಮಗೆ ಅಂತ ಒಂದು ಪೂರ್ತಿ ದಿನ ಇಟ್ಟಿದ್ದೇವೆ. ಇವರಿಗೂ ಹೇಳಿದ್ದೇನೆ, ಆ ದಿನ ಕೊಡದವರ ಎಂಜಿನ್ ಮುಟ್ಟಬೇಡಿ" ಎಂದಳು.

ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕೊನೆಗೂ ಒಬ್ಬರಿಗೆ ಅರ್ಥವಾಯಿತಲ್ಲ! "ಹೌದಮ್ಮಾ, ಗ್ಯಾಪ್ ನೋಡೋಕೆ ಒಂದು ದಿನ ಬೇಕೇ ಬೇಕು" ಎಂದೆ.

ಆಕೆ ಮಡಿಲಿನಿಂದ ಗರಿಕೆಯ ಕಟ್ಟು ತೆಗೆದು ನನ್ನ ಟ್ರೇಯಲ್ಲಿಟ್ಟಳು.

"ಗ್ಯಾಪ್ ಏನು ಬಿಡಿ ಅಯ್ಯರೇ, ಅದು ನಿಮಿಷದ ಕೆಲಸ. ದಿನ ಬೇಕಾಗಿರೋದು ಪಿಳ್ಳೈಯಾರಿಗೆ."